ತಂತಿಗೆ ಒಂದು ಬೆರಳು ಮೇಲೆ

ಜುಲೈ ೧, ಬುಧವಾರ

ಬರೆದರೆ ಸದ್ದಾಗುವುದಿಲ್ಲ, ಅದಕ್ಕೇ ಇದನ್ನು ಶುರು ಮಾಡಿದ್ದೇನೆ. ಅದೂ ಪೆನ್ಸಿಲಿನಲ್ಲಿ. ಪೆನ್ನಿನ ತಲೆ ಒತ್ತಿದರೆ ಟಕ್ ಅನ್ನುತ್ತದೆ; ಮೊನ್ನೆ ಆ ಒಂದು ಟಕ್ಕಿಗೆ ಇನ್ಸ್‌ಪೆಕ್ಟರ್ ಕಣ್ಣು ಬಿಟ್ಟಳು.

ಇನ್ಸ್‌ಪೆಕ್ಟರ್ ಅಂದರೆ ಮಗಳು, ಏಳು ತಿಂಗಳು. ಹುಟ್ಟಿದ ದಿನವೇ ಎಲ್ಲರ ಮುಖವನ್ನೂ ತಪ್ಪು ಹಿಡಿಯುವವಳ ಹಾಗೆ ನೋಡಿದಳೆಂದು ಇವರು ಇಟ್ಟ ಹೆಸರು. ಇವರಿಗೆ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನ ಮೂರರವರೆಗೆ ಎಬ್ಬಿಸುವಂತಿಲ್ಲ. ನಿದ್ದೆಗಣ್ಣಿನಲ್ಲಿ ಒಂದು ವಾಲ್ವ್ ತಪ್ಪಾಗಿ ತಿರುಗಿಸಿದರೆ ಅರ್ಧ ಊರಿಗೆ ಮುಖ ತೊಳೆಯಲು ನೀರಿರುವುದಿಲ್ಲ. ಹಾಗಾಗಿ ಹಗಲು ಇವರ ನಿದ್ದೆ, ರಾತ್ರಿ ಮಗುವಿನ ನಿದ್ದೆ, ಅದೂ ಚೂರುಚೂರು. ನನ್ನ ನಿದ್ದೆ ಯಾರ ಪಾಳಿಯಲ್ಲೂ ಇಲ್ಲ.

ಎರಡು ಕೋಣೆ, ಒಂದು ಅಡುಗೆಮನೆ. ಕರೆಗಂಟೆಯ ತಂತಿ ಕಿತ್ತಾಗಿದೆ. ಕುರ್ಚಿಯ ಕಾಲುಗಳಿಗೆಲ್ಲ ಮಗುವಿಗೆ ಚಿಕ್ಕದಾದ ಕಾಲುಚೀಲ ತೊಡಿಸಿದ್ದೇನೆ. ಕುಕ್ಕರ್ ಮೇಲಿನ ಅಟ್ಟ ಸೇರಿದೆ, ಸೀಟಿ ಹಾಕುತ್ತದಲ್ಲ. ಸ್ಟೀಲ್ ತಟ್ಟೆ ಹೋಗಿ ಪ್ಲಾಸ್ಟಿಕ್ ಬಂದಿದೆ. ಬಾಗಿಲಿನ ಕೀಲಿಗೆ ತಲೆಗೆ ಹಚ್ಚುವ ಎಣ್ಣೆ. ಈ ಮನೆಯಲ್ಲಿ ಸದ್ದು ಮಾಡುವುದು ಇಬ್ಬರೇ: ಫ್ರಿಜ್ಜು ಮತ್ತು ಅತ್ತೆ. ಮಗು ಹುಟ್ಟಿದ ಮೇಲೆ ಊರಿನಿಂದ ಬಂದ ಅತ್ತೆ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಮುಂದೆ ಅರ್ಧ ಆಯುಸ್ಸು ಕಳೆದವರು. ಎಡಗಿವಿ ಅಲ್ಲೇ ಬಿಟ್ಟುಬಂದಿದ್ದಾರೆ. ಅವರ ಪಿಸುಮಾತು ಬೇರೆಯವರ ಕೂಗಿಗಿಂತ ಒಂದು ಕೈ ಮೇಲು.

ಮಗು ಎದ್ದಿದ್ದರೆ ಸುಸ್ತು, ಮಲಗಿದರೆ ಭಯ. ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ, ಉಸಿರು ತಾಕುವವರೆಗೆ ನನ್ನ ಉಸಿರೂ ಇರುವುದಿಲ್ಲ. ತಾಕುತ್ತದೆ. ಬಂದು ಕೂರುತ್ತೇನೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಹೋಗಿಬಂದೆ.

ಟೀಚರಕ್ಕನ ಮೆಸೇಜು. ಅವರು ಶಾಲೆಯಲ್ಲಿ ಗಣಿತ ಹೇಳುವವರು, ನಮ್ಮ ಗುಂಪಿನ ಹಾಡುಗಾರ್ತಿ. ಗಿಟಾರ್ ನುಡಿಸುವವರು ಕನ್ನಡಕದ ಅಂಗಡಿಯವರು. ನಾವು ಅವರನ್ನು ಕನ್ನಡಕದವರು ಎಂದೇ ಕರೆಯುವುದು. ಪಿಟೀಲು ನನ್ನದು, ಅಂದರೆ ಆಗಿತ್ತು. ಇದೇ ಹನ್ನೊಂದು, ಹನ್ನೆರಡಕ್ಕೆ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಎರಡು ಕಾರ್ಯಕ್ರಮ. ಶನಿವಾರ ಸಂಜೆ ದೊಡ್ಡವರಿಗೆ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಕ್ಕಳಿಗೆ. ಮೆಸೇಜು ಹೀಗಿದೆ: “ಬರ್ತೀಯಾ ಇಲ್ವಾ, ಒಂದು ಮಾತು ಹೇಳಿಬಿಡು. ಬ್ಯಾಂಕಿನ ಹುಡುಗಿ ಒಬ್ಬಳು ಚೆನ್ನಾಗಿ ನುಡಿಸ್ತಾಳೆ, ಕೇಳ್ತಾನೇ ಇದಾಳೆ. ಎಷ್ಟು ದಿನ ಅಂತ ತಡೀಲಿ?”

ಬರುತ್ತೇನೆ ಎಂದು ಕಳಿಸಿಬಿಟ್ಟೆ. ಈ ಸಲ ಹೋಗದಿದ್ದರೆ ಆ ಕುರ್ಚಿ ಬ್ಯಾಂಕಿನ ಹುಡುಗಿಯದೇ. ಆಮೇಲೆ ನಾನು ಬರೀ ಈ ಮನೆಯ ಕಾವಲುಗಾರ್ತಿ.


ಜುಲೈ ೪, ಶನಿವಾರ

ಅಭ್ಯಾಸ ಮಾಡದೆ ಹೋಗುವುದು ಹೇಗೆ? ಮಾಡುತ್ತಿದ್ದೇನೆ, ನನ್ನದೇ ರೀತಿಯಲ್ಲಿ. ನಾಲ್ಕು ತಿಂಗಳಿಂದ ಇದೇ ರೀತಿ.

ಪಿಟೀಲಿನ ಪೆಟ್ಟಿಗೆಯ ಜಿಪ್ಪನ್ನು ಹಲ್ಲುಹಲ್ಲಾಗಿ ಬಿಡಿಸುತ್ತೇನೆ. ಅಡುಗೆಮನೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಎಡಗೈ ಬೆರಳುಗಳು ತಂತಿಯನ್ನು ಸರಿಯಾಗಿಯೇ ಒತ್ತುತ್ತವೆ. ಬಲಗೈಯ ಕಮಾನು ಮಾತ್ರ ತಂತಿಗೆ ಒಂದು ಬೆರಳು ಮೇಲೆ, ಗಾಳಿಯಲ್ಲಿ ಹೋಗಿ ಬರುತ್ತದೆ. ಮೊದಮೊದಲು ಹುಚ್ಚರ ಆಟ ಅನ್ನಿಸುತ್ತಿತ್ತು. ಈಗ ಒಳಗೆ ಕೇಳಿಸುತ್ತದೆ. ಬೆರಳು ಕೂದಲೆಳೆಯಷ್ಟು ಜಾರಿದರೂ ಕೇಳಿಸುತ್ತದೆ, ಸರಿ ಮಾಡಿಕೊಳ್ಳುತ್ತೇನೆ. ಎರಡನೇ ಹಾಡಿಗೆ ಮುಂಚೆ ನನ್ನ ಪಿಟೀಲಿನದೇ ನಾಲ್ಕು ಸಾಲು ಇದೆ. ಹಾಡು ಏಳುವ ಮೊದಲಿನ ನಾಲ್ಕು ಸಾಲು. ಕನ್ನಡಕದವರೂ ಹಿಂದೆ ಮೆಲ್ಲಗೆ ತಟ್ಟುತ್ತಿರುತ್ತಾರೆ ಅಷ್ಟೆ, ಉಳಿದದ್ದೆಲ್ಲ ನಾನೇ. ಅದನ್ನು ಇವತ್ತು ಹತ್ತು ಸಲ ನುಡಿಸಿದೆ. ಯಾರಿಗೂ ಏನೂ ಆಗಲಿಲ್ಲ.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ.

“ಬಹಳ ಚೆನ್ನಾಗಿ ನುಡಿಸ್ತೀಯಮ್ಮ,” ಅಂದರು, ಅವರ ಪಿಸುಮಾತಿನಲ್ಲಿ.

ನಗು ತಡೆದುಕೊಂಡು, “ಕೇಳಿಸ್ತಾ ಅತ್ತೆ?” ಅಂದೆ.

“ಯಾಕೆ ಕೇಳಿಸಲ್ಲ? ನನ್ನ ಕಿವಿಗೇನಾಗಿದೆ? ಒಂದು ಹೋದ್ರೆ ಇನ್ನೊಂದಿಲ್ವಾ? ಆ ಕೊನೇದು ಇತ್ತಲ್ಲ, ಅದು ಇನ್ನೂ ಚೆನ್ನಾಗಿತ್ತು.”

ಸದ್ದೇ ಮಾಡಲಿಲ್ಲ ಎಂದು ಹೇಳಿದರೆ ಮುಖ ಸಣ್ಣದಾಗುತ್ತದೆ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಏಳು ತಿಂಗಳಲ್ಲಿ ನನ್ನ ಪಿಟೀಲನ್ನು ಹೊಗಳಿದವರು ಅತ್ತೆಯೊಬ್ಬರೇ. ಆಮೇಲೆ ಅತ್ತೆ ಅಡುಗೆಮನೆಯ ನಲ್ಲಿ ತಿರುಗಿಸುವುದು, ನಿಲ್ಲಿಸುವುದು, ಮತ್ತೆ ತಿರುಗಿಸುವುದು, ತಲೆ ಓರೆ ಮಾಡಿಕೊಂಡು ನಿಲ್ಲುವುದು. ನೀರು ಸರಿಯಾಗಿಯೇ ಬರುತ್ತಿತ್ತು. ವಯಸ್ಸಾದವರು.


ಜುಲೈ ೮, ಬುಧವಾರ

ರಾಳ ಮುಗಿದಿತ್ತು. ಕಮಾನಿಗೆ ತಿಕ್ಕದಿದ್ದರೆ ಕಾರ್ಯಕ್ರಮದ ದಿನ ಜಾರುತ್ತದೆ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಸಂಗೀತದ ಅಂಗಡಿಗೆ ಹೊರಟೆ. ಎರಡು ಬೀದಿ ಆಚೆ. ಔಷಧಿ ಅಂಗಡಿಯ ತಿರುವಿನವರೆಗೆ ಹೋದೆ. ಅಲ್ಲಿ, ಮಗು ಕವುಚಿಕೊಂಡು ಮಲಗಿ ಮುಖ ದಿಂಬಿಗೆ ಒತ್ತಿದೆ, ಅತ್ತೆಗೆ ಕೇಳಿಸುತ್ತಿಲ್ಲ ಎಂದು ಕಣ್ಣಿಗೆ ಕಟ್ಟಿದ ಹಾಗೆ ಬಂತು. ಬಂತು ಅಂದರೆ ಕಂಡಿತು. ಓಡಿ ಬಂದೆ. ಇನ್ಸ್‌ಪೆಕ್ಟರ್ ಅತ್ತೆಯ ಮಡಿಲಲ್ಲಿ ಕೂತು ಪ್ಲಾಸ್ಟಿಕ್ ಲೋಟ ಕಡಿಯುತ್ತಿದ್ದಳು. ಏದುಸಿರು ಬಿಡುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೇಸು ಹಾಕುವಷ್ಟೇನಿಲ್ಲ ಎಂಬಂತೆ ಮತ್ತೆ ಲೋಟಕ್ಕೆ ತಿರುಗಿದಳು.

“ರಾಳ ಸಿಕ್ತಾ?”

“ಅಂಗಡಿ ಮುಚ್ಚಿತ್ತು ಅತ್ತೆ.”

ಸುಳ್ಳು. ಸಂಜೆ ಇವರಿಗೆ ಹೇಳಿ ತರಿಸಿದೆ.


ಜುಲೈ ೧೦, ಶುಕ್ರವಾರ

ಕನ್ನಡಕದ ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಅಭ್ಯಾಸ. ಏಳು ತಿಂಗಳ ಮೇಲೆ ಮೂವರೂ ಒಟ್ಟಿಗೆ. ಗೋಡೆ ತುಂಬ ಕನ್ನಡಕಗಳು, ನೂರಾರು ಜನ ಕಣ್ಣಿಲ್ಲದೆ ನೋಡುತ್ತಾ ಕೂತ ಹಾಗೆ.

ಇವರ ಪಾಳಿ ಶುರುವಾಗುವ ಮೊದಲು ಮನೆ ಸೇರಬೇಕಿತ್ತು. ಒಂದು ಗಂಟೆಯೂ ಸಿಗಲಿಲ್ಲ. ಫೋನನ್ನು ಗಿಟಾರಿನ ಪೆಟ್ಟಿಗೆಯ ಮೇಲೆ, ಮುಖ ಮೇಲಾಗಿ ಇಟ್ಟುಕೊಂಡೆ. ಅದು ಬೆಳಗಿದಾಗಲೆಲ್ಲ ಕೈ ನಿಲ್ಲುತ್ತಿತ್ತು.

“ಸ್ವಲ್ಪ ಜೋರಾಗಿ ನುಡಿಸ್ತೀರಾ?” ಅಂದರು ಕನ್ನಡಕದವರು. “ನನ್ನ ಗಿಟಾರೇ ನಿಮ್ಮನ್ನ ನುಂಗ್ತಿದೆ. ಮೊದಲು ನಾನೇ ನಿಮಗೆ ಹೆದರಿಕೊಂಡು ನುಡಿಸ್ತಿದ್ದೆ.”

“ಇದು ಮೆತ್ತಗಿರಬೇಕಾದ ಹಾಡು,” ಅಂದೆ.

ಟೀಚರಕ್ಕ, “ಮೆತ್ತಗೆ ಬೇರೆ, ಮೂಕ ಬೇರೆ ಕಣೇ,” ಅಂದರು. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಹೇಳಿಕೊಟ್ಟು ನಾಲಿಗೆ ಹಾಗಾಗಿದೆ, ಬೇಸರ ಮಾಡಿಕೊಳ್ಳಬಾರದು. ನನ್ನ ನಾಲ್ಕು ಸಾಲಿಗೆ ಹೊತ್ತೇ ಉಳಿಯಲಿಲ್ಲ. “ಅದು ನಿನ್ನದೇ, ನೀನು ನೋಡ್ಕೋತೀಯಾ ಬಿಡು,” ಅಂದರು. ನೋಡಿಕೊಳ್ಳುತ್ತೇನೆ. ಅದು ನಿದ್ದೆಯಲ್ಲೂ ಬರುತ್ತದೆ, ನಿದ್ದೆ ಬಂದರೆ.


ಜುಲೈ ೧೧, ಶನಿವಾರ

ಬಂದು ಕೈಕಾಲು ತೊಳೆದು, ಮೂಗಿನ ಕೆಳಗೆ ಬೆರಳು ಹಿಡಿದು ನೋಡಿ, ಬರೆಯಲು ಕೂತಿದ್ದೇನೆ. ಮರೆಯುವ ಮೊದಲು ಬರೆದುಬಿಡಬೇಕು. ನಾನು ಯಾವತ್ತೂ ಹೀಗೆ ನುಡಿಸಿರಲಿಲ್ಲ.

ಹಾಲ್ ತುಂಬಿತ್ತು. ಪುಸ್ತಕದ ಕಪಾಟುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಮೊದಲ ಹಾಡು ಹೇಗೋ ಮುಗಿಯಿತು, ಕೈ ಇನ್ನೂ ಬೆಚ್ಚಗಾಗಿರಲಿಲ್ಲ. ಎರಡನೆಯದಕ್ಕೆ ನಾನು ಪಿಟೀಲು ಎತ್ತಿದ ಕೂಡಲೇ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸಿನ ಮಡಿಲಲ್ಲಿದ್ದ ಮಗು ಕುಂಯ್ ಅಂದಿತು. ನಮ್ಮ ಇನ್ಸ್‌ಪೆಕ್ಟರ್‌ನಷ್ಟೇ ಇರಬೇಕು. ಕಣ್ಣು ಮುಚ್ಚಿ ಶುರು ಮಾಡಿದೆ. ಅಷ್ಟೆ, ಆಮೇಲೆ ಎಲ್ಲ ತಾನಾಗಿ ಬಂತು. ಒಂದು ಸ್ವರವೂ ಜಾರಲಿಲ್ಲ. ಕಮಾನು ಎಷ್ಟು ಹಗುರವಾಗಿ ಹೋಯಿತೆಂದರೆ ಕೈಯಲ್ಲಿ ಏನೂ ಇಲ್ಲದ ಹಾಗೆ. ಆ ಮಗುವೂ ಸುಮ್ಮನಾಯಿತು. ಮೇಲಿನ ಫ್ಯಾನು ತಿರುಗುವುದು ಕೇಳಿಸುವಷ್ಟು ನಿಶ್ಶಬ್ದ. ಒಂದು ಸಲ ಕಣ್ಣು ತೆರೆದೆ: ಜನ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಕನ್ನಡಕದವರು ಗಿಟಾರ್ ನಿಲ್ಲಿಸಿಬಿಟ್ಟಿದ್ದರು, ಕೇಳಲಿಕ್ಕೇ ಇರಬೇಕು.

ಒಂದೇ ಬೇಸರ. ನನ್ನ ಎರಡು ಸಾಲು ಇನ್ನೂ ಬಾಕಿ ಇರುವಾಗಲೇ ಟೀಚರಕ್ಕ ಹಾಡು ಎತ್ತಿಕೊಂಡುಬಿಟ್ಟರು. ಅವರು ಲೆಕ್ಕ ತಪ್ಪುವವರಲ್ಲ. ಮುಗಿದ ಮೇಲೆ ಕೇಳೋಣ ಎಂದರೆ ನನ್ನ ಕೈ ಹಿಡಿದುಕೊಂಡು, “ಊಟ ಸರಿಯಾಗಿ ಮಾಡ್ತಿದೀಯಾ? ಮಲಗ್ತಿದೀಯಾ?” ಎಂದು ಬೇರೆಯದೇ ಕೇಳಿದರು. ಮನೆಯವರೆಗೂ ಬಂದು ಬಿಟ್ಟುಹೋದರು. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಒಳ್ಳೆಯ ಕಾರ್ಯಕ್ರಮದ ಮೇಲೆ ಹೀಗೇ ಆಗುತ್ತದೆ.

ಕುರ್ಚಿ ಉಳಿಯಿತು ಅನ್ನಿಸುತ್ತಿದೆ. ನಾಳೆ ಬೆಳಿಗ್ಗೆ ಇನ್ನೊಂದು.


ಜುಲೈ ೧೨, ಭಾನುವಾರ

ಬೆಳಿಗ್ಗೆ ಇವರು ಬಂದು ಮಲಗಿದ್ದರು. ಒಂಬತ್ತಕ್ಕೆ ಫೋನು ಬೆಳಗಿತು: “ಬಾಗಿಲ ಹೊರಗೆ ಇದೀನಿ. ಬಾ.” ಟೀಚರಕ್ಕ. ಒಳಗೆ ಮಾತಾಡುವಂತಿಲ್ಲ ಎಂದು ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು.

“ನಿನ್ನೆ ಎರಡನೇದ್ರಲ್ಲಿ ಏನಾಯ್ತು ನಿಂಗೆ?”

“ಯಾಕೆ? ಚೆನ್ನಾಗೇ ಬಂತಲ್ಲ. ನೀವೇ ಮೊದಲೇ ಎತ್ತಿಬಿಟ್ರಿ ಅಕ್ಕ.”

ಅವರು ನನ್ನ ಮುಖವನ್ನೇ ನೋಡಿದರು. “ತಮಾಷೆ ಮಾಡ್ತಿದೀಯಾ?”

“ಇಲ್ಲ.”

“ನೀನು ನುಡಿಸಲೇ ಇಲ್ಲ ಕಣೇ.”

ಅಲ್ಲಿನ ಮೈಕು ಹಾಳಾಗಿರಬೇಕು ಎಂದೆ. ಅವರು ಫೋನು ತೆಗೆದು ಕೊಟ್ಟರು. ಕನ್ನಡಕದವರ ತಮ್ಮ ಹಿಂದಿನ ಸಾಲಿನಿಂದ ತೆಗೆದ ವೀಡಿಯೊ. ನಾನೇ. ಕಣ್ಣು ಮುಚ್ಚಿದ್ದೇನೆ. ಮಣಿಕಟ್ಟು ಎಷ್ಟು ಚಂದ ಬಾಗುತ್ತಿದೆ. ಬೆರಳು ಒತ್ತುತ್ತಿವೆ. ಕಮಾನು ತಂತಿಯ ಮೇಲೆ, ಒಂದು ಬೆರಳು ಮೇಲೆ, ಹೋಗುತ್ತಿದೆ, ಬರುತ್ತಿದೆ. ಫ್ಯಾನಿನ ಸದ್ದು. ಯಾರೋ ಕೆಮ್ಮಿದ್ದು. ಒಬ್ಬ ಮುದುಕರು ಪಕ್ಕದವರನ್ನು, “ನಂಗೆ ಮಾತ್ರಾನಾ, ನಿಮಗೂನಾ?” ಎಂದು ಕೇಳುತ್ತಿರುವುದು. ಮತ್ತೆ ನನ್ನ ಮುಖ, ಅಷ್ಟು ಸಂತೋಷದ ನನ್ನ ಮುಖ. ಅದನ್ನು ನೋಡಲಾಗಲಿಲ್ಲ.

“ಮೊದಲನೇದ್ರಲ್ಲೂ ಅರ್ಧ ಹೀಗೇ. ನಾವಿಬ್ಬರೂ ಇದ್ದದ್ರಿಂದ ಜನಕ್ಕೆ ಗೊತ್ತಾಗಲಿಲ್ಲ,” ಅಂದರು ಟೀಚರಕ್ಕ.

“ನಂಗೆ ಕೇಳಿಸ್ತು ಅಕ್ಕ. ನಿಜವಾಗ್ಲೂ ಕೇಳಿಸ್ತು.”

“ಅದೇ ನಂಗೆ ಭಯ ಆಗ್ತಿರೋದು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಇವತ್ತು ಬ್ಯಾಂಕಿನ ಹುಡುಗಿಗೆ ಬರೋಕೆ ಹೇಳಿದೀನಿ. ಮುಂದಿನ ತಿಂಗಳ ಕಾರ್ಯಕ್ರಮಕ್ಕೂ. ನೀನು ಸುಧಾರಿಸ್ಕೋ. ನಿಂಗೇನೂ ಬಾಗಿಲು ಮುಚ್ಚಿಲ್ಲ.”

ಎಷ್ಟು ಮೆಲ್ಲಗೆ ಮುಚ್ಚಿದರು ಅಂದರೆ ನಮ್ಮ ಮನೆಯಲ್ಲಿ ಬಾಗಿಲು ಮುಚ್ಚಲು ಅವರನ್ನೇ ಇಟ್ಟುಕೊಳ್ಳಬಹುದು.

ಒಳಗೆ ಬಂದೆ. ಮಗು ಎದ್ದಿತ್ತು, ಹಾಲು ಕುಡಿಸಿದೆ. ಬಟ್ಟೆ ಮಡಿಸಿದೆ. ಹನ್ನೊಂದಾಯಿತು. ಅಲ್ಲಿ ಶುರು ಮಾಡಿರುತ್ತಾರೆ. ಅಡುಗೆಮನೆಯ ನೆಲಕ್ಕೆ ಚಾಪೆ ಹಾಸಿ ಇನ್ಸ್‌ಪೆಕ್ಟರ್‌ನ ಕೂರಿಸಿ, ಮುಂದೆ ಮರದ ಸೌಟು, ಪ್ಲಾಸ್ಟಿಕ್ ಬೋಗುಣಿ ಇಟ್ಟೆ. ಅದೇ ಅವಳ ಆಟದ ಸಾಮಾನು, ಎರಡೂ ಸದ್ದು ಮಾಡದವು. ನಾನೂ ಎದುರಿಗೆ ಕೂತು ಪಿಟೀಲು ತೆಗೆದೆ. ಒಂದೇ ಒಂದು ಸ್ವರ. ಕಮಾನನ್ನು ತಂತಿಯ ಮೇಲೆ ಇಟ್ಟು ಎಳೆಯುವುದು. ಆರನೇ ವಯಸ್ಸಿನಲ್ಲಿ ಮೊದಲ ದಿನ ಕಲಿತದ್ದು.

ಕೈ ಇಳಿಯಲಿಲ್ಲ.

ಇಳಿಸು ಎಂದೆ. ತಂತಿಯ ಹತ್ತಿರ ಬಂತು, ನಿಂತಿತು. ಯಾರೋ ಕೆಳಗಿನಿಂದ ಅಂಗೈ ಒಡ್ಡಿ ಹಿಡಿದ ಹಾಗೆ. ಪಕ್ಕದ ಕೋಣೆಯಲ್ಲಿ ಇವರ ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು, ಅಷ್ಟಕ್ಕೇ ಕಮಾನು ತಾನಾಗಿ ಇನ್ನೂ ಮೇಲೆ ಹೋಯಿತು. ಬಾಗಿಲು ಯಾರೂ ಹಾಕಿಲ್ಲ, ಬೀಗ ಯಾರೂ ಹಾಕಿಲ್ಲ, ಇದು ನನ್ನದೇ ಕೈ. ಅಳು ಬಂತು. ಬಾಯಿಗೆ ಪಿಟೀಲಿನ ಬಟ್ಟೆ ಒತ್ತಿಕೊಂಡು ಅದನ್ನೂ ಸದ್ದಿಲ್ಲದೆ ಅತ್ತು ಮುಗಿಸಿದೆ.

ಇನ್ಸ್‌ಪೆಕ್ಟರ್‌ಗೆ ಸೌಟು ಬೇಜಾರಾಗಿರಬೇಕು. ಅವಳ ಕಣ್ಣೆದುರು ಒಂದು ಉದ್ದನೆಯ ಕೋಲು ಗಾಳಿಯಲ್ಲಿ ನಿಂತಿದೆ. ತೆವಳಿಕೊಂಡು ಬಂದು, ಎರಡೂ ಕೈಯಲ್ಲಿ ಕಮಾನು ಹಿಡಿದು, ಅದರ ಮೇಲೆ ಮೈಯ ಭಾರವೆಲ್ಲ ಬಿಟ್ಟು ನೇತಾಡಿದಳು.

ಕರ್ರ್ ಎಂದಿತು. ಪಿಟೀಲು ಅಲ್ಲ ಅದು, ತುಕ್ಕು ಹಿಡಿದ ಗೇಟು. ಅವಳು ಹುಟ್ಟಿದ ಮೇಲೆ ಈ ಮನೆಯಲ್ಲಿ ಇಂಥ ಸದ್ದೇ ಆಗಿರಲಿಲ್ಲ. ಕಮಾನು ನೋಡಿದಳು, ನನ್ನನ್ನು ನೋಡಿದಳು, ಕೆಳತುಟಿ ಹೊರಗೆ ಬಂತು, ಆಮೇಲೆ ಮನೆ ಹಾರಿಹೋಗುವಂತೆ ಶುರು ಮಾಡಿದಳು.

ಅತ್ತೆ ಓಡಿಬಂದರು. “ಏನದು? ಏನದು ಸದ್ದು? ಏನು ಬಿತ್ತು?”

“ಏನೂ ಬಿದ್ದಿಲ್ಲ. ಪಿಟೀಲು ಅತ್ತೆ.”

ಅತ್ತೆ ಕಟ್ಟೆ ಹಿಡಿದುಕೊಂಡು ನಿಂತರು. “ಅದು ಇಷ್ಟು ಜೋರಾಗಿರುತ್ತಾ?”

“ಹೂಂ.”

“ಮತ್ತೆ ಇಷ್ಟು ದಿನ?”

“ಇಷ್ಟು ದಿನ ನಾನು ಸದ್ದು ಮಾಡದೆ ನುಡಿಸ್ತಿದ್ದೆ. ನೀವೆಲ್ಲ ಮಲಗಿರ್ತೀರಲ್ಲ ಅಂತ.”

“ಅಯ್ಯೋ ನಿನ್ನ ಮನೆ ಕಾಯ್ವೋಗ!” ಅತ್ತೆ ನೆಲದ ಮೇಲೇ ಕೂತುಬಿಟ್ಟರು. “ಇನ್ನೊಂದು ಕಿವೀನೂ ಹೋಯ್ತು ಅಂತ ನಾನು ಯಾರಿಗೂ ಹೇಳದೆ ಒದ್ದಾಡ್ತಾ ಇದೀನಿ. ಕಿವಿ ಹೋದ್ರೆ ಮಗು ಅತ್ತಿದ್ದು ಕೇಳಿಸಲ್ಲ, ಕೇಳಿಸಲ್ಲ ಅಂತ ಗೊತ್ತಾದ್ರೆ ನೀನು ನನ್ನ ಕೈಗೆ ಮಗು ಕೊಡಲ್ಲ, ನನ್ನನ್ನ ಊರಿಗೆ ಕಳಿಸ್ತೀಯ ಅಂತ. ನೀನು ನೋಡಿದ್ರೆ ಗಾಳೀಲಿ ಕೈ ಆಡಿಸ್ತಿದ್ಯಾ?”

ಬೈಯುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು, ನಗುತ್ತಲೂ ಇದ್ದರು. ನಾನು ಮಗುವಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವರೇ ಎತ್ತಿ ಹೆಗಲಿಗೆ ಹಾಕಿಕೊಂಡು ಆ ಕಡೆ ತಿರುಗಿದರು. “ನುಡಿಸು. ಕೇಳೋಣ.”

“ಅಳ್ತಿದಾಳೆ ಅತ್ತೆ.”

“ಅಳಲಿ. ಅವಳಿಗೂ ಬಾಯಿದೆ. ನುಡಿಸು ಅಂದೆ.”

ನುಡಿಸಿದೆ. ಹೇಗೆ ಎಂದು ಗೊತ್ತಿಲ್ಲ. ಕಮಾನು ಈಗಾಗಲೇ ತಂತಿಯ ಮೇಲಿತ್ತು, ಎತ್ತಲಿಲ್ಲ, ಅಷ್ಟೆ. ಎತ್ತಿದರೆ ಮತ್ತೆ ಇಳಿಯುವುದಿಲ್ಲ ಎಂಬ ಹೆದರಿಕೆಯಲ್ಲಿ ಒತ್ತಿ ಒತ್ತಿ ಎಳೆದೆ. ನಾಲ್ಕು ಸಾಲಿನಲ್ಲಿ ಎರಡನೆಯದು ಪೂರ್ತಿ ಸ್ವರ ಇಳಿದಿತ್ತು, ಮೂರನೆಯದರಲ್ಲಿ ಬೆರಳೇ ತಪ್ಪಿತು. ಒಳಗೆ ಕೇಳಿಸುತ್ತಿದ್ದ ಪಿಟೀಲು ಎಂದೂ ತಪ್ಪುತ್ತಿರಲಿಲ್ಲ. ಇದು ಬರೀ ತಪ್ಪು. ಮಗು ಅದರ ಮೇಲೆ ಅಳುತ್ತಿತ್ತು.

ನಾಲ್ಕನೇ ಸಾಲಿನಲ್ಲಿದ್ದೆ, ಇವರು ಬಾಗಿಲಲ್ಲಿ ಬಂದು ನಿಂತರು. ಕೆನ್ನೆಯ ಮೇಲೆ ದಿಂಬಿನ ಗೆರೆ. ನಾನು ನಿಲ್ಲಿಸಲಿಲ್ಲ. ಸಾಲು ಮುಗಿಸಿ ಕಮಾನು ಕೆಳಗಿಟ್ಟೆ.

“ಏನೇ ಇದು?” ಪಿಸುಗುಟ್ಟಿದರು. ಇಷ್ಟು ಗಲಾಟೆಯಲ್ಲೂ ಪಿಸುಗುಟ್ಟಿದರು, ಅಭ್ಯಾಸ. “ನಾಲ್ಕು ಗಂಟೆ ಹೊತ್ತಾದ್ರೂ ಮಲಗೋಕೆ ಬಿಡ್ತೀಯಾ? ರಾತ್ರಿಯೆಲ್ಲ ಮೋಟಾರ್ ಮುಂದೆ ನಿಂತು ಬಂದಿದೀನಿ ನಾನು.”

“ನಾನೂ ನಿಂತಿದೀನಿ!”

ಅದು ನನ್ನ ಗಂಟಲಿನಿಂದ ಬಂದದ್ದು. ಇಷ್ಟು ದೊಡ್ಡದಾಗಿ. “ಏಳು ತಿಂಗಳಿಂದ ನಾನೂ ನಿಂತೇ ಇದೀನಿ! ನಿಮಗೆ ಹಗಲಿದೆ, ಅವಳಿಗೆ ರಾತ್ರಿ ಇದೆ, ನಂಗೆ ಯಾವುದು ರೀ? ಯಾವ ಹೊತ್ತು ನಂದು? ಹೇಳಿ! ಗಟ್ಟಿಯಾಗಿ ಹೇಳಿ!”

“ಗಟ್ಟಿಯಾಗೇ ಹೇಳ್ಬೇಕಾ?” ಇವರೂ ಏರಿಸಿದರು. “ನಾನು ಕೇಳಿದ್ನಾ ಕುರ್ಚಿಗೆ ಕಾಲುಚೀಲ ಹಾಕು ಅಂತ? ಕರೆಗಂಟೆ ಕಿತ್ತವಳು ನೀನು! ಪಂಪ್‌ಹೌಸಿನಲ್ಲಿ ಆ ಮೋಟಾರಿನ ಪಕ್ಕದಲ್ಲೇ ಊಟದ ಹೊತ್ತಲ್ಲಿ ಕಣ್ಣು ಮುಚ್ತೀನಿ ನಾನು! ಈ ಮನೇಲಿ ಮಲಗೋಕೇ ಭಯ ಆಗುತ್ತೆ, ಮಗ್ಗುಲು ಬದಲಾಯಿಸಿದ್ರೆ ಬಂದು ನೋಡ್ತೀಯ!”

ಆಗ ಅತ್ತೆ, “ಷ್” ಅಂದರು. ಮಗು ಸುಮ್ಮನಾಗಿತ್ತು. ಅತ್ತೆಯ ಹೆಗಲ ಮೇಲಿಂದ ನಮ್ಮಿಬ್ಬರ ಬಾಯಿಯನ್ನೂ ಒಂದಾದಮೇಲೊಂದು ನೋಡುತ್ತಿತ್ತು. ಮನುಷ್ಯರು ಇಷ್ಟು ದೊಡ್ಡದಾಗಿ ಮಾತಾಡಬಲ್ಲರು ಎಂದು ಅವಳಿಗೆ ಇವತ್ತೇ ಗೊತ್ತಾಗಿರಬೇಕು.

ಇವರು ಹೋಗಿ ಮಲಗಿದರು. ಬಾಗಿಲನ್ನು ದಬ್ ಎಂದು ಹಾಕಿಕೊಂಡರು.

ಈಗ ಸಂಜೆ. ಮೈಯೆಲ್ಲ ನೋವು. ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಮಗು ಅಳುತ್ತಿತ್ತು, ನಾನು ನಾಲ್ಕು ಸಾಲನ್ನೂ ಮುಗಿಸಿದೆ. ಮಧ್ಯದಲ್ಲಿ ಬಿಡಬಹುದಿತ್ತು. ಬಿಡಲಿಲ್ಲ. ಎಂಥ ತಾಯಿ ಮಾಡುವ ಕೆಲಸ ಇದು.


ಜುಲೈ ೧೪, ಮಂಗಳವಾರ

ನಿನ್ನೆ ಬರೆಯಲಿಲ್ಲ. ಮಗುವನ್ನು ಮಲಗಿಸಲು ಹೋಗಿ ನಾನೇ ಮಲಗಿಬಿಟ್ಟೆ. ಎದ್ದಾಗ ಕತ್ತಲಾಗಿತ್ತು, ಇವರು ಕೆಲಸಕ್ಕೆ ಹೊರಟು ಹೋಗಿದ್ದರು, ಮಗು ಅತ್ತೆಯ ಜೊತೆ ಆಚೆ ಕೋಣೆಯಲ್ಲಿತ್ತು. ಯಾರು ಯಾವಾಗ ಎತ್ತಿಕೊಂಡು ಹೋದರೋ. ಎಚ್ಚರವೇ ಆಗಿಲ್ಲ. ಇಷ್ಟು ಬೇಜವಾಬ್ದಾರಿ ಒಳ್ಳೆಯದಲ್ಲ.

ಇವರು ಭಾನುವಾರದಿಂದ ಸರಿಯಾಗಿ ಮಾತಾಡುತ್ತಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೆ.

ಇವತ್ತು ಟೀಚರಕ್ಕನಿಗೆ ನಾನೇ ಫೋನು ಮಾಡಿದೆ. ಶಾಲೆಯ ಬಿಡುವಿನ ಹೊತ್ತು, ಹಿಂದೆ ಮಕ್ಕಳ ಗದ್ದಲ.

“ಮಕ್ಕಳ ಕಾರ್ಯಕ್ರಮ ಹೇಗಾಯ್ತು?”

“ಚೆನ್ನಾಗಾಯ್ತು. ಆ ಹುಡುಗಿ ಒಂದೂ ತಪ್ಪಲ್ಲ ಮಾರಾಯ್ತಿ. ನೋಟು ಎಣಿಸಿದ ಹಾಗೆ ನುಡಿಸ್ತಾಳೆ. ನೀನು ಹೇಗಿದೀಯಾ?”

“ನುಡಿಸ್ತಿದೀನಿ. ತಪ್ಪುತಪ್ಪಾಗಿ.”

“ಕೇಳಿಸೋ ಹಾಗಾ?”

“ಪಕ್ಕದ ಮನೆಯವರು ನಿನ್ನೆ ಬಂದು, ಏನಾದ್ರೂ ರಿಪೇರಿ ಮಾಡಿಸ್ತಿದೀರಾ ಅಂತ ಕೇಳಿದ್ರಂತೆ.”

ಅವರು ನಗುವುದು ಮುಗಿಯುವವರೆಗೆ ಕಾದೆ. ಆಮೇಲೆ ಕೇಳಿದೆ. ಮುಂದಿನ ತಿಂಗಳದಕ್ಕೆ ಎರಡು ಪಿಟೀಲು ಇರಬಾರದಾ? ಆ ಹುಡುಗಿ ಅವಳ ಜಾಗದಲ್ಲೇ ಇರಲಿ. ನಾನು ಅವಳ ಹಿಂದೆ ಕೂರುತ್ತೇನೆ. ನಾಲ್ಕು ಸಾಲು ಅವಳೇ ನುಡಿಸಲಿ. ಅದನ್ನೂ ಅಂದುಬಿಟ್ಟೆ.

“ಒಂದು ಷರತ್ತು,” ಅಂದರು ಟೀಚರಕ್ಕ. “ಪ್ರತಿ ಅಭ್ಯಾಸಕ್ಕೂ ಇರಬೇಕು. ನಮ್ಮ ಕಣ್ಣೆದುರು. ಮನೇಲಿ ಒಬ್ಬಳೇ ಮಾಡ್ಕೋತೀನಿ ಅಂದ್ರೆ ಆಗಲ್ಲ. ಅಂಗಡಿಗೆ ಬರ್ತೀಯಾ? ಶನಿವಾರ, ಎರಡು ಗಂಟೆ.”

ಔಷಧಿ ಅಂಗಡಿಯ ತಿರುವು ನೆನಪಾಯಿತು. ಮೊನ್ನೆಯ ಎರಡು ಸಂಜೆ ಮಗುವಿನ ಹತ್ತಿರ ಇವರೂ ಎದ್ದಿದ್ದರು, ಹೇಗೋ ಹೋಗಿಬಂದೆ; ನಾನೇನೂ ಗಟ್ಟಿಯಾಗಿಲ್ಲ, ಇವರು ಮಲಗಿರುವಾಗ ಅದನ್ನು ದಾಟಲು ಇನ್ನೂ ಧೈರ್ಯ ಬಂದಿಲ್ಲ. ಹಾಗೆಂದು ಬಿಡುವಂತೆಯೂ ಇಲ್ಲ.

“ನೀವೇ ಇಲ್ಲಿಗೆ ಬನ್ನಿ ಅಕ್ಕ. ಎಲ್ಲರೂ. ಗಿಟಾರ್ ತಗೊಂಡು.”

“ನಿಮ್ಮ ಮನೆಗಾ? ನಿಮ್ಮನೇಲಿ ಸದ್ದಾಗಲ್ವಾ?”

“ಆಗುತ್ತೆ.”

ಅತ್ತೆಗೆ ಹೇಳಿದೆ, ಎಷ್ಟು ಲೋಟ ಚಹಾ ಎಂದು ಮಾತ್ರ ಕೇಳಿದರು. ಇವರಿಗೆ ಇನ್ನೂ ಹೇಳಿಲ್ಲ. ಶನಿವಾರ ಎರಡು ಗಂಟೆ ಅಂದರೆ ಇವರು ಗಾಢವಾಗಿ ಮಲಗಿರುವ ಹೊತ್ತು. ಬೇಡ ಅಂದರೆ ಮತ್ತೆ ಜಗಳವೇ. ಮೂರು ಗಂಟೆಗೆ ಏಳುತ್ತಾರೆ, ಆಗ ಹೇಳಬಹುದಿತ್ತು. ಈಗ ಒಂದೂಕಾಲು.

ಕಾಯುವುದಿಲ್ಲ. ಎಬ್ಬಿಸಿ ಹೇಳಲು ಹೋಗುತ್ತಿದ್ದೇನೆ.